ತೂಕವೂ ತೂಬೂ: ಮೋಟಾರು ವಿಹಾರನೌಕೆಯ ಸಮತೋಲವಿದ್ಯೆ ಬೆಳೆದುಬಂದ ಬಗೆ

1782ನೆಯ ಇಸವಿಯ ಆಗಸ್ಟ್ 29ರ ಬೆಳಿಗ್ಗೆ, ಇಂಗ್ಲೆಂಡಿನ ದಕ್ಷಿಣ ತೀರದ ಸ್ಪಿಟ್‌ಹೆಡ್ ಎಂಬ ಲಂಗರುದಾಣದಲ್ಲಿ, ನೂರು ತೋಪುಗಳ 'ರಾಯಲ್ ಜಾರ್ಜ್' ಯುದ್ಧನೌಕೆಯನ್ನು ಬೇಕೆಂದೇ ಒಂದು ಮಗ್ಗುಲಿಗೆ ವಾಲಿಸಿದರು. ಜಲರೇಖೆಗಿಂತ ಕೆಳಗೆ ಅದರ ಒಡಲಿಗೆ ಕೂರಿಸಿದ್ದ ನೀರಿನ ಕೊಳವೆಯೊಂದು ಕೆಟ್ಟಿದ್ದು, ಅದನ್ನು ನೀರಿನಿಂದ ಮೇಲೆತ್ತಿ ದುರಸ್ತಿ ಮಾಡುವುದೇ ಇದರ ಉದ್ದೇಶವಾಗಿತ್ತು. ಎಡಮಗ್ಗುಲ ತೋಪುಗಳನ್ನು ಕಿಂಡಿಗಳಿಂದ ಹೊರಚಾಚಿಸಿ, ಬಲಮಗ್ಗುಲ ತೋಪುಗಳನ್ನು ನಡುವಿಗೆ ಸರಿಸಿದುದರಿಂದ ಕೊಳವೆಯೇನೋ ಮೇಲೆದ್ದಿತು. ಆದರೆ ಎದುರುಬದಿಯ ಕೆಳಸಾಲಿನ ಕಿಂಡಿಗಳು ಅಷ್ಟೇ ಪ್ರಮಾಣದಲ್ಲಿ ತಗ್ಗಿ ನೀರನ್ನು ಕುಡಿಯತೊಡಗಿದುವು. ರಿಯರ್ ಅಡ್ಮಿರಲ್ ಕೆಂಪೆನ್‌ಫೆಲ್ಟನನ್ನೂ ಒಳಗೊಂಡು 800ಕ್ಕೂ ಮಿಕ್ಕ ಜನರೊಡನೆ ಆ ಮಹಾನೌಕೆ ಕೆಲವೇ ನಿಮಿಷಗಳಲ್ಲಿ ತಳ ಸೇರಿತು. ಸೈನಿಕ ನ್ಯಾಯಾಲಯವು ಕೊಳೆತ ಮರವನ್ನು ಕಾರಣವೆಂದು ಎಣಿಸಿತು. ಕಾರಣ ಯಾವುದೇ ಆಗಿರಲಿ, ತೂಕವನ್ನು ಹಂಚುವ ವಿದ್ಯೆಯೂ ಒಡಲಿನ ರಂಧ್ರಗಳನ್ನು ಕಾಯುವ ವಿದ್ಯೆಯೂ ಎರಡಲ್ಲ, ಒಂದೇ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನೌಕಾಚರಿತ್ರೆಯಲ್ಲಿ ವಿರಳ. ಇಂದಿನ ಮೋಟಾರು ವಿಹಾರನೌಕೆಗೂ ಈ ಮಾತು ಸಲ್ಲುತ್ತದೆಯಾದುದರಿಂದ, ಈ ಎರಡು ಎಳೆಗಳು ಬೆಳೆದುಬಂದ ಬಗೆಯನ್ನು ಒಟ್ಟಿಗೆ ಅವಲೋಕಿಸುವುದು ಯುಕ್ತವಾಗಿದೆ.

ತೇಲುವ ವಸ್ತುವಿನ ತತ್ತ್ವವನ್ನು ಆರ್ಕಿಮಿಡೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ನಿರೂಪಿಸಿದ್ದನು. ಆದರೆ ಹಡಗು ಕಟ್ಟುವವರು ಬಹುಕಾಲ ಗಣಿತವನ್ನು ಬಿಟ್ಟು ಕಣ್ಣಳತೆಯನ್ನೂ ವಂಶಪಾರಂಪರ್ಯದ ಅನುಭವವನ್ನೂ ನಂಬಿಕೊಂಡೇ ನಡೆದರು. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನ ಬಂದರಿನಿಂದ ಹೊರಟ ಸ್ವೀಡನ್ನಿನ 'ವಾಸಾ' ನೌಕೆ ಸುಮಾರು 1300 ಮೀಟರು ಸಾಗುವಷ್ಟರಲ್ಲಿ ಮಗುಚಿತು. ಅದಕ್ಕೆ ಮುಂಚೆ ಮೂವತ್ತು ಜನರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದ್ದರು. ಹಡಗು ಅಪಾಯಕರವಾಗಿ ತೂಗಾಡಿದುದನ್ನು ಕಂಡು ಪರೀಕ್ಷೆಯನ್ನು ನಿಲ್ಲಿಸಿದರೇ ಹೊರತು ಯಾನವನ್ನು ನಿಲ್ಲಿಸಲಿಲ್ಲ. ತಳದಲ್ಲಿ ಅಡಿಭಾರವೆಂದು ಕಲ್ಲು ತುಂಬಿದ್ದುಂಟು. ಮೇಲಣ ತೋಪುಗಳ ಭಾರಕ್ಕೆ ಅದು ಸಾಟಿಯಾಗಲಿಲ್ಲ.

ಫ್ರಾನ್ಸಿನ ಪಿಯೆರ್ ಬೂಗೆ 1746ರಲ್ಲಿ ಪ್ರಕಟಿಸಿದ ನೌಕಾಗ್ರಂಥವು ಈ ಕಣ್ಣಳತೆಯನ್ನು ಶಾಸ್ತ್ರವನ್ನಾಗಿ ಮಾಡಿತು. ನೌಕೆಯ ಸಮಸ್ತ ಭಾರವೂ ಗುರುತ್ವಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರಿನ ಒತ್ತಡವು ಪ್ಲವನಕೇಂದ್ರದ ಮೂಲಕ ಮೇಲಕ್ಕೆ ನೂಕುತ್ತದೆ. ನೌಕೆ ವಾಲಿದೊಡನೆ ಪ್ಲವನಕೇಂದ್ರವು ತಗ್ಗಿದ ಮಗ್ಗುಲಿಗೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಎಳೆದ ರೇಖೆ ನೌಕೆಯ ಮಧ್ಯರೇಖೆಯನ್ನು ಸಂಧಿಸುವ ಬಿಂದುವೇ ಮೆಟಾಸೆಂಟರ್. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿದ್ದರೆ ನೌಕೆ ತಾನಾಗಿ ಎದ್ದು ನಿಲ್ಲುವುದು; ಮೇಲಿದ್ದರೆ ಉರುಳುವುದು. ಹಾಗೆಂದು ತೂಕವನ್ನೆಲ್ಲ ತಳಕ್ಕಿಳಿಸಿದರೆ ಸಾಕೆಂದೂ ತಿಳಿಯಬಾರದು. ಅಂಥ ನೌಕೆ ಅಲೆ ತಾಗಿದೊಡನೆ ಜಗ್ಗನೆ ಮರಳಿ, ಒಳಗಿದ್ದವರನ್ನು ಎತ್ತಿ ಒಗೆಯುವಂತೆ ಕುಲುಕುವುದು. ಈ ಓಲಾಟದ ನಿಯಮಗಳನ್ನು 1861ರಿಂದೀಚೆಗೆ ವಿಲಿಯಂ ಫ್ರೂಡನು ವಿಶದಪಡಿಸಿದನು.

ಗುರುತ್ವಕೇಂದ್ರವು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಅದನ್ನು ಕಂಡುಹಿಡಿಯುವ ವಾಲಿಕೆಯ ಪರೀಕ್ಷೆಯಾದರೋ ಸರಳತೆಯಲ್ಲಿ ಮನೋಹರವಾಗಿದೆ. ಗಾಳಿಯಿಲ್ಲದ ಮುಂಜಾನೆ, ನಿಶ್ಚಲವಾದ ನೀರಿನಲ್ಲಿ, ಕಟ್ಟುಹಗ್ಗಗಳನ್ನು ಸಡಿಲಿಸಿದ ನೌಕೆಯೊಳಗೆ ಉದ್ದನೆಯ ದಾರಕ್ಕೆ ಗಾರೆಯವರ ತೂಗುಗುಂಡಿನಂಥದೊಂದನ್ನು ಇಳಿಬಿಟ್ಟು, ಅದು ತುಯ್ದಾಡದಿರಲೆಂದು ಎಣ್ಣೆಯ ಬೋಗುಣಿಯಲ್ಲಿ ಅದ್ದಿಡುತ್ತಾರೆ. ಗೊತ್ತಾದ ತೂಕವೊಂದನ್ನು ಮಧ್ಯರೇಖೆಯಿಂದ ಗೊತ್ತಾದಷ್ಟು ದೂರ ಸರಿಸಿದಾಗ ದಾರವು ಅಳತೆಪಟ್ಟಿಯ ಮೇಲೆ ಕೆಲವು ಮಿಲಿಮೀಟರು ಕದಲುತ್ತದೆ; ಆ ಕೆಲವು ಮಿಲಿಮೀಟರುಗಳಿಂದಲೇ ಇಡೀ ನೌಕೆಯ ಸ್ಥಿರತೆಯ ಲೆಕ್ಕ ಹೊರಡುವುದು. ಆದರೆ ಲೆಕ್ಕವಿದ್ದ ಮಾತ್ರಕ್ಕೆ ರಕ್ಷೆಯಿಲ್ಲ. ಕಟ್ಟುವ ಕಾಲದಲ್ಲಿ ತೂಕವು ನಕ್ಷೆಯನ್ನು ಮೀರಿ ಬೆಳೆದುದರಿಂದ, ನೀರಿನ ಮೇಲೆ ಎಂಟು ಅಡಿ ನಿಲ್ಲಬೇಕಾಗಿದ್ದ ಬ್ರಿಟಿಷ್ ಯುದ್ಧನೌಕೆ 'ಕ್ಯಾಪ್ಟನ್'ನ ಅಂಚು ಆರೂವರೆ ಅಡಿ ಮಾತ್ರ ನಿಂತಿತು. 1870ರ ಸೆಪ್ಟೆಂಬರ್ 7ರ ಬಿರುಗಾಳಿಯಲ್ಲಿ ಅದು ಮಗುಚಿದಾಗ, ಅದನ್ನು ರೂಪಿಸಿದ ಕೂಪರ್ ಕೋಲ್ಸನೂ ಉಳಿಯಲಿಲ್ಲ.

1886ರಲ್ಲಿ ಗಾಟ್‌ಲೀಬ್ ಡೈಮ್ಲರನು ನೆಕ್ಕಾರ್ ನದಿಯಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿಯನ್ನು ನಡೆಸಿದಂದಿನಿಂದ ಈ ವಿದ್ಯೆ ವಿಹಾರನೌಕೆಗಳ ಹೊಸ ಲೋಕವನ್ನು ಪ್ರವೇಶಿಸಿತು. ಉಗಿನೌಕೆಗೆ ಬಾಯ್ಲರೂ ಕಲ್ಲಿದ್ದಲೂ ತಳದಲ್ಲಿದ್ದು ತಾವೇ ಅಡಿಭಾರವಾಗಿದ್ದುವು. ಎಂಜಿನು ಹಗುರವಾದಂತೆ ಆ ಆಸರೆ ಕುಗ್ಗಿತು. ನೀರಿನ ಮೇಲಣ ಪಾರ್ಶ್ವಕ್ಕೂ ಕೆಳಗಣ ಪಾರ್ಶ್ವಕ್ಕೂ ಇರತಕ್ಕ ಪ್ರಮಾಣವನ್ನು ಅಳೆದೇ ಸಾಗರಯಾನಕ್ಕೆ ಹೊರಡಬೇಕೆಂಬ ಅಭಿಪ್ರಾಯವನ್ನು ಅಮೆರಿಕದ ರಾಬರ್ಟ್ ಬೀಬಿ ತನ್ನ 'ಪ್ಯಾಸೇಜ್‌ಮೇಕರ್' ನೌಕೆಯ ಅನುಭವದಿಂದ ಪಡೆದು, 1975ರ ತನ್ನ ಪುಸ್ತಕದಲ್ಲಿ ಪ್ರತಿಪಾದಿಸಿದನು. ಆದರೆ ಫೈಬರ್‌ಗ್ಲಾಸಿನ ಯುಗದಲ್ಲಿ ವಿಹಾರನೌಕೆಗಳು ಮೇಲಕ್ಕೇ ಬೆಳೆದುವು: ಮಾಳಿಗೆಯ ಚುಕ್ಕಾಣಿ, ಅದರ ಹಿಂದೆ ಚಿಕ್ಕ ದೋಣಿ, ಅದನ್ನೆತ್ತುವ ಕ್ರೇನು. ಇಪ್ಪತ್ತು ಟನ್ನಿನ ನೌಕೆಯಲ್ಲಿ 300 ಕಿಲೋಗ್ರಾಮಿನ ದೋಣಿಯನ್ನು ಮೂರು ಮೀಟರು ಮೇಲಕ್ಕೇರಿಸಿದರೆ ಇಡೀ ನೌಕೆಯ ಗುರುತ್ವಕೇಂದ್ರವು ನಾಲ್ಕೂವರೆ ಸೆಂಟಿಮೀಟರು ಏರುತ್ತದೆ. ಒಂದೊಂದು ಸೇರ್ಪಡೆಯೂ ಅಲ್ಪವೆಂದು ತೋರುವುದು. ಇಂಥವು ಐದಾರು ಕೂಡಿದರೆ ನಕ್ಷೆಕಾರನು ಇರಿಸಿಕೊಟ್ಟ ಸುರಕ್ಷೆಯ ಗಣನೀಯ ಭಾಗವೇ ಸವೆದುಹೋಗಿರುತ್ತದೆ. ಓಲಾಟವನ್ನು ತಗ್ಗಿಸುವ ಗೈರೋಸ್ಕೋಪು ಒಳಗಿದ್ದವರಿಗೆ ಸುಖವನ್ನು ಕೊಡುವುದೇ ಹೊರತು, ಕಳೆದುಹೋದ ಸ್ಥಿರತೆಯನ್ನು ತಂದುಕೊಡಲಾರದು.

ಇನ್ನು ದ್ರವದ ಭಾರವು ಒಂದೆಡೆ ನಿಲ್ಲುವ ಭಾರವಲ್ಲ. ಸಾವಿರ ಲೀಟರು ಡೀಸೆಲ್ ಬರಿದಾದರೆ ಸುಮಾರು 840 ಕಿಲೋಗ್ರಾಂ ತೂಕವು ತಳದಿಂದ ಮಾಯವಾಗುತ್ತದೆ. ಟ್ಯಾಂಕು ಹಿಂಬದಿಯಲ್ಲಿದ್ದರೆ ಮೂತಿ ತಗ್ಗುತ್ತದೆ. ಅರೆತುಂಬಿದ ಟ್ಯಾಂಕು ಇನ್ನೂ ಕೆಟ್ಟದು: ತುಂಬಿದ ಕೊಡವನ್ನು ಹೊತ್ತವಳು ನಿರಾಯಾಸವಾಗಿ ನಡೆಯುವಳು, ಅರೆಗೊಡವನ್ನು ಹೊತ್ತವಳಿಗೆ ಹೆಜ್ಜೆಹೆಜ್ಜೆಗೂ ನೀರು ತುಳುಕಿ ಕೊಡವು ಜಗ್ಗುವುದು, ಹಾಗೆಯೇ ನೌಕೆ ವಾಲಿದ ಕಡೆಗೇ ಇಂಧನವೂ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಟ್ಯಾಂಕಿನ ನಡುವೆ ಉದ್ದಕ್ಕೂ ಒಂದು ಗೋಡೆಯನ್ನು ನಿಲ್ಲಿಸಿದರೆ ಈ ದೋಷವು ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ.

ಈಗ ಎರಡನೆಯ ಎಳೆ. ನಮ್ಮ ಕೆರೆಯ ತೂಬು ಒಳಗಿನ ನೀರನ್ನು ಹೊರಕ್ಕೆ ಬಿಡತಕ್ಕದ್ದು. ನೌಕೆಯ ತೂಬು ಹೊರಗಿನ ನೀರನ್ನು ಒಳಕ್ಕೆ ಬಿಡತಕ್ಕದ್ದು. ಎಂಜಿನ್ನನ್ನು ತಂಪಾಗಿಡಲು, ಶೌಚಗೃಹಕ್ಕೆ, ಹವಾನಿಯಂತ್ರಣಕ್ಕೆಂದು ಮೋಟಾರು ವಿಹಾರನೌಕೆಯ ಒಡಲನ್ನು ಜಲರೇಖೆಯ ಕೆಳಗೆ ಹಲವೆಡೆ ಕೊರೆದಿರುತ್ತಾರೆ. ಪ್ರತಿಯೊಂದಕ್ಕೂ ಸೀಕಾಕ್ ಎಂಬ ಕವಾಟವೇ ಕಾವಲು. ನೀರಿನ ಮಟ್ಟದಿಂದ 60 ಸೆಂಟಿಮೀಟರು ಕೆಳಗಿರುವ, 50 ಮಿಲಿಮೀಟರು ವ್ಯಾಸದ ರಂಧ್ರವೊಂದು ಬಾಯಿಬಿಟ್ಟರೆ ನಿಮಿಷಕ್ಕೆ ಸುಮಾರು 250 ಲೀಟರು, ಎಂದರೆ ತಾಸಿಗೆ ಹದಿನೈದು ಟನ್ ನೀರು ನುಗ್ಗುತ್ತದೆ. ಈ ನೀರೂ ತಳದಲ್ಲಿ ಅತ್ತಿತ್ತ ಓಡಾಡುವ ಸಡಿಲ ಭಾರವೇ ಆದುದರಿಂದ, ತೂಬಿನ ದೋಷವು ಕ್ಷಣಾರ್ಧದಲ್ಲಿ ತೂಕದ ದೋಷವಾಗುವುದು.

ತೂಬಿನ ಶತ್ರು ಲೋಹಗಳ ಪರಸ್ಪರ ವೈರ. 1761ರಲ್ಲಿ ಬ್ರಿಟಿಷ್ ನೌಕೆ 'ಅಲಾರ್ಮ್'ನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಎರಡು ವರ್ಷಗಳ ತರುವಾಯ ನೋಡಿದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದುವು. ನಡುವೆ ಕಂದು ಕಾಗದ ಉಳಿದಿದ್ದೆಡೆ ಮಾತ್ರ ಗಟ್ಟಿಯಾಗಿದ್ದುವು. 1824ರಲ್ಲಿ ಹಂಫ್ರಿ ಡೇವಿ ಇದೇ ವೈರವನ್ನು ರಕ್ಷಣೆಗೆ ತಿರುಗಿಸಿ, ಸತು ಅಥವಾ ಕಬ್ಬಿಣದ ತುಂಡನ್ನು ಬಲಿಗೊಟ್ಟು ತಾಮ್ರವನ್ನು ಉಳಿಸಿದನು. ಹಾಗೆ ಉಳಿದ ತಾಮ್ರಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ಮುತ್ತಿದುದರಿಂದ ನೌಕಾದಳವು ಈ ಉಪಾಯವನ್ನು ಕೈಬಿಟ್ಟಿತು. ಆದರೂ ಇಂದು ವಿಹಾರನೌಕೆಗಳ ತಳಕ್ಕೆ ಬಿಗಿಯುವ ಸತುವಿನ ತುಂಡು ಆ ಪ್ರಯೋಗದ ಸಂತತಿಯೇ.

ಹಳೆಯ ಕಂಚಿನ ಶಂಕುಬಿರಡೆಯ ಕವಾಟವು ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸು ಹಚ್ಚಿದರೆ ದಶಕಗಳ ಕಾಲ ಬಾಳುತ್ತಿತ್ತು. ಅನಂತರ ಬಂದ ಅಗ್ಗದ ಹಿತ್ತಾಳೆಯ ಕವಾಟ ಹಾಗಲ್ಲ: ಉಪ್ಪುನೀರಿನಲ್ಲಿ ಅದರೊಳಗಿನ ಸತುವು ಮೆಲ್ಲನೆ ಕರಗಿಹೋಗಿ, ಆಕಾರ ಮಾತ್ರ ಹಾಗೆಯೇ ನಿಲ್ಲುತ್ತದೆ. ಚಾಕುವಿನಿಂದ ಕೆರೆದರೆ ಹಿತ್ತಾಳೆಯ ಹಳದಿಯ ಬದಲು ನಸುಗೆಂಪು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ನಾದದ ಬದಲು ಮಣ್ಣಿನ ಸದ್ದು. ಬಲವಾಗಿ ತಿರುಗಿಸಿದರೆ ಬೆಲ್ಲದ ಅಚ್ಚಿನಂತೆ ಮುರಿದು ಕೈಗೆ ಬರುತ್ತದೆ. ಇದನ್ನು ಮನಗಂಡೇ ಕಂಚೂ, ಸತು ಕರಗದ ವಿಶೇಷ ಹಿತ್ತಾಳೆಯೂ, ಗಾಜಿನ ನಾರು ಬೆರೆಸಿದ ನೈಲಾನೂ ಬಳಕೆಗೆ ಬಂದುವು. ಅಮೆರಿಕದ ದೋಣಿ ಮಂಡಲಿಯ ನಿಯಮವು ಸೀಕಾಕಿನ ಒಳತುದಿಯ ಮೇಲೆ 227 ಕಿಲೋಗ್ರಾಮಿನ ಭಾರವನ್ನು ಮೂವತ್ತು ಸೆಕೆಂಡು ಹೇರಿ ಪರೀಕ್ಷಿಸುತ್ತದೆ. ಯುರೋಪಿನಲ್ಲಿ ಬಳಕೆಗೆ ಬಂದ ಐಎಸ್‌ಒ 9093 ಮಾನಕವಾದರೋ ಮೊದಲಲ್ಲಿ ಐದು ವರ್ಷಗಳ ಬಾಳಿಕೆಯನ್ನಷ್ಟೇ ಅಪೇಕ್ಷಿಸಿತು. ಮೂವತ್ತು ವರ್ಷ ತೇಲಬೇಕಾದ ಒಡಲಿಗೆ ಐದು ವರ್ಷದ ತೂಬು ಸಾಕೆಂಬುದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ.

ಐಎಸ್‌ಒ 12217 ಮಾನಕದಿಂದ ಇಂದು ಸ್ಥಿರತೆಯ ಲೆಕ್ಕವೂ ವಿಧಿಬದ್ಧವಾಗಿದೆ. ಆದರೆ ಆ ಲೆಕ್ಕವು ಕಾರ್ಖಾನೆಯಿಂದ ಹೊರಟ ದಿನದ ನೌಕೆಯದು. ಒಡೆಯನು ಆಮೇಲೆ ಸೇರಿಸಿದ ಬ್ಯಾಟರಿಯನ್ನೂ ಕ್ರೇನನ್ನೂ ಅದು ಅರಿಯದು. ಆದುದರಿಂದ ಏರಿಸಿದ ಪ್ರತಿಯೊಂದು ವಸ್ತುವಿನ ತೂಕವನ್ನೂ ಸ್ಥಾನವನ್ನೂ ಬರೆದಿಡುವ ಪುಸ್ತಕ, ಒಡಲಿನ ಪ್ರತಿಯೊಂದು ರಂಧ್ರವನ್ನೂ ಗುರುತಿಸಿದ ನಕ್ಷೆ, ಪ್ರತಿಯೊಂದು ಸೀಕಾಕಿಗೂ ದಾರದಿಂದ ಕಟ್ಟಿ ತೂಗಬಿಟ್ಟ ಮರದ ಬಿರಡೆ, ತಿಂಗಳಿಗೊಮ್ಮೆ ಸೀಕಾಕಿನ ಹಿಡಿಯನ್ನು ಮುಚ್ಚಿ ತೆರೆದು ನೋಡುವ ಕೈ, ಇವಿಷ್ಟೂ ಇರುವ ನೌಕೆಯಲ್ಲಿ ಮಾತ್ರ ಬೂಗೆಯ ಗಣಿತವೂ ಡೇವಿಯ ರಸಾಯನವೂ ಕೆಲಸಮಾಡುತ್ತಿರುತ್ತವೆ. ರಾಯಲ್ ಜಾರ್ಜಿನ ಮಂದಿ ಸರಿಪಡಿಸಹೊರಟದ್ದು ಒಂದು ಕೊಳವೆಯನ್ನು. ಅವರು ಮರೆತದ್ದು ಅದೇ ಒಡಲಿನ ಇನ್ನೊಂದು ಬದಿಯನ್ನು.