ಬಾಲ್ಯ ಲಸಿಕೆ ವ್ಯಾಪ್ತಿ, ಕೋವಿಡ್ ನಂತರದ
ಕೋವಿಡ್-19ರ ಬಳಿಕ, ವಾಡಿಕೆಯ ಲಸಿಕೆಗಳನ್ನು ಪಡೆದ ಶಿಶುಗಳ ಶೇಕಡಾವಾರು ಪ್ರಮಾಣದಲ್ಲಿ ಜಗತ್ತಿನಾದ್ಯಂತ ಕಂಡುಬಂದ ಕುಸಿತ ಮತ್ತು ಅಪೂರ್ಣ ಚೇತರಿಕೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ಪ್ರತಿವರ್ಷ ಜಂಟಿಯಾಗಿ ಅಂದಾಜಿಸುವ ಈ ವ್ಯಾಪ್ತಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ತಡೆಯುವ ಡಿಪಿಟಿಯ 3ನೇ ಡೋಸ್ ಮುಖ್ಯ ಅಳತೆಗೋಲು. 2019ರಲ್ಲಿ ಶೇ. 86ರಷ್ಟಿದ್ದ ಅದು 2021ರಲ್ಲಿ ಶೇ. 81ಕ್ಕೆ ಇಳಿದು, 2024ರಲ್ಲಿ ಶೇ. 85ಕ್ಕೆ ಏರಿತು.

ಈ ಸರಾಸರಿ ಸಮಾಧಾನ ತರುವಂಥದ್ದಲ್ಲ. ಒಂದೂ ಡೋಸ್ ಸಿಗದ ಶಿಶುಗಳು 2024ರಲ್ಲಿ ಸುಮಾರು 1.43 ಕೋಟಿ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನೈಜೀರಿಯ, ಭಾರತ, ಸುಡಾನ್ ಸೇರಿ ಕೇವಲ 9 ದೇಶಗಳವರು. ಲಸಿಕೆಯ ಬಗೆಗಿನ ಅಪನಂಬಿಕೆಯೇ ಇದಕ್ಕೆ ಕಾರಣವೆಂಬ ವಾದ ಕೆಲವು ಶ್ರೀಮಂತ ದೇಶಗಳ ಮಟ್ಟಿಗೆ ಒಪ್ಪತಕ್ಕದ್ದು. ಸುಡಾನ್, ಯೆಮೆನ್‌ಗಳಲ್ಲಿ ಮಾತ್ರ ಯುದ್ಧ ಮತ್ತು ಕುಸಿದ ಆರೋಗ್ಯ ವ್ಯವಸ್ಥೆಯೇ ದೊಡ್ಡ ಅಡ್ಡಿ. ಸಾಂಕ್ರಾಮಿಕವೊಂದನ್ನೇ ದೂರುವುದೂ ಸರಿಯಲ್ಲ: 2010ರ ದಶಕದುದ್ದಕ್ಕೂ ವ್ಯಾಪ್ತಿ ಶೇ. 85ರ ಆಸುಪಾಸಿನಲ್ಲೇ ನಿಂತಿತ್ತು. ಈ ಕೊರತೆ ಮೊದಲು ಹೊರಬೀಳುವುದು ದಡಾರದ ರೂಪದಲ್ಲಿ. ಅದನ್ನು ತಡೆಯಲು 2 ಡೋಸ್‌ಗಳೂ ಶೇ. 95ರಷ್ಟು ಮಕ್ಕಳನ್ನು ಮುಟ್ಟಬೇಕು. 2024ರಲ್ಲಿ ಮೊದಲನೆಯದು ಶೇ. 84, ಎರಡನೆಯದು ಶೇ. 76ರಷ್ಟು ಮಕ್ಕಳಿಗೆ ಮಾತ್ರ ಸಿಕ್ಕಿತು. 2022ರಲ್ಲಿ 33 ದೇಶಗಳಲ್ಲಿ ದಡಾರ ದೊಡ್ಡ ಪ್ರಮಾಣದಲ್ಲಿ ಹಬ್ಬಿತ್ತು. 2024ರಲ್ಲಿ ಅಂಥ ದೇಶಗಳ ಸಂಖ್ಯೆ 60ಕ್ಕೇರಿತು.