ಸೊಳ್ಳೆಗೂ ಒಂದು ಸುಂಕದ ಕಟ್ಟೆ

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಸೀಮೆಯಲ್ಲಿ ವಿಮಾನ ಇಳಿಯುವ ನಿಲ್ದಾಣವಿಲ್ಲ. ಹೀಗಿರುವಾಗ ವಿಮಾನದೊಳಗೆ ಔಷಧಿ ಸಿಂಪಡಿಸುವ ಕಾನೂನಿನ ಮಾತು ನಮಗೇಕೆಂದು ನೀವು ಕೇಳಬಹುದು. ಆದರೆ ಸೊಳ್ಳೆಯ ಉಪಟಳವನ್ನು ಬಲ್ಲವರಿಗೆ ಆ ಕಾನೂನಿನ ಮರ್ಮ ಬೇಗ ತಿಳಿಯುತ್ತದೆ. ಈ ಭಾಗದವರಾದ ನಿಮಗಂತೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾನಗಲ್ಲಿನ ಪಡುವಣ ಸೆರಗೆಂದರೆ ಕೆರೆ, ಭತ್ತದ ಗದ್ದೆ, ಮಳೆಗಾಲ ಮುಗಿಯುತ್ತಲೇ ಚಳಿಜ್ವರ. ಧಾರವಾಡ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಅವರ ಸಹೋದ್ಯೋಗಿ ಟಿ. ರಾಮಚಂದ್ರರಾವ್ ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಹೊಡೆಯಿಸುವ ಕೆಲಸವನ್ನು ಕೈಕೊಂಡರು. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಗೋಡೆಯೇ ಅದಕ್ಕೆ ಮೃತ್ಯುವಾಗಬೇಕೆಂಬುದು ಯುಕ್ತಿ. ಫಲ ಚೆನ್ನಾಗಿಯೇ ಬಂತು. 1953ರಲ್ಲಿ ದೇಶವೆಲ್ಲ ಹಬ್ಬಿದ ಮಲೇರಿಯಾ ನಿಯಂತ್ರಣ ಯೋಜನೆಗೆ ದಾರಿ ತೋರಿದ ಪ್ರಯೋಗಗಳಲ್ಲಿ ಇದೂ ಒಂದು. ಈ ಸಂಗತಿಯನ್ನು ನಮ್ಮವರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಾಗಿತ್ತು.

ಅಂದು ಸವಣೂರು ಇನ್ನೂ ನವಾಬರ ಸಂಸ್ಥಾನ. 1948ರಲ್ಲಿ ಅದು ವಿಲೀನವಾಯಿತು. ಹಿರೇಕೆರೂರಿನ ಗಡಿ ದಾಟಿದರೆ ಶಿಕಾರಿಪುರ, ಮೈಸೂರು ಸಂಸ್ಥಾನ. ಮೂರು ಆಡಳಿತ, ಮೂರು ಗಡಿ! ಸೊಳ್ಳೆಗೆ ಇವು ಯಾವುವೂ ಇಲ್ಲ. ಆದರೂ ತನ್ನ ರೆಕ್ಕೆಯ ಬಲದಿಂದ ಅದು ಹಾರುವುದು ಸಾಮಾನ್ಯವಾಗಿ ಮೈಲಿ ಎರಡು ಮೈಲಿಯಷ್ಟೇ. ಅದಕ್ಕೆ ಸಾವಿರಾರು ಮೈಲಿಗಳ ರೆಕ್ಕೆ ಕೊಟ್ಟವನು ಮನುಷ್ಯನೇ.

1930ರಲ್ಲಿ ಬ್ರೆಝಿಲ್ ದೇಶದ ನಟಾಲ್ ಪಟ್ಟಣದಲ್ಲಿ ಆಫ್ರಿಕದ ಒಂದು ಮಲೇರಿಯಾ ಸೊಳ್ಳೆ ಕಾಣಿಸಿಕೊಂಡಿತು. ಅದು ಬಹುಶಃ ಡಾಕಾರ್‌ನಿಂದ ಬರುತ್ತಿದ್ದ ಫ್ರೆಂಚರ ವೇಗದ ಹಡಗುಗಳಲ್ಲಿ ಸಮುದ್ರ ದಾಟಿರಬೇಕು. 1938ರ ಹೊತ್ತಿಗೆ ಅದು ತಂದ ಜ್ವರದಿಂದ ಸಾವಿರಾರು ಜನ ಸತ್ತರು. ಫ್ರೆಡ್ ಸೋಪರ್ ಎಂಬವರ ನೇತೃತ್ವದಲ್ಲಿ ದೊಡ್ಡ ಪಡೆಯೇ ದುಡಿದು 1940ರಲ್ಲಿ ಅದನ್ನು ನಿರ್ಮೂಲ ಮಾಡಿತು. ಆ ಬಳಿಕವೂ ಆಫ್ರಿಕದಿಂದ ಬಂದಿಳಿದ ವಿಮಾನಗಳಲ್ಲಿ ಅದೇ ಜಾತಿಯ ಸೊಳ್ಳೆ ಸಿಕ್ಕಿದ್ದುಂಟು.

ನಮ್ಮ ದೇಶದ ಭಯ ಬೇರೊಂದು: ಪೀತಜ್ವರ. ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಹೇರಳ. ಹಿತ್ತಲ ಹರವಿಯಲ್ಲಿ ನಾಲ್ಕು ದಿನ ನಿಂತ ನೀರೇ ಅದರ ತೊಟ್ಟಿಲು. ರೋಗ ಮಾತ್ರ ಇಲ್ಲಿಗೆ ಬಂದಿಲ್ಲ. ಮದ್ದು ತುಂಬಿದ ಮನೆ, ಕಿಡಿ ಬಿದ್ದಿಲ್ಲ ಎಂದಂತೆ. ಹಡಗಿನ ಕಾಲದಲ್ಲಿ ಪ್ರಯಾಣವೇ ವಾರಗಟ್ಟಲೆಯಾದುದರಿಂದ ರೋಗಿ ಸಮುದ್ರದ ನಡುವೆಯೇ ಹಾಸಿಗೆ ಹಿಡಿಯುತ್ತಿದ್ದ. ವಿಮಾನ ಆ ಅವಧಿಯನ್ನು ನುಂಗಿಬಿಟ್ಟಿತು. 1929ರಲ್ಲಿ ಲಂಡನ್ನಿನಿಂದ ಕರಾಚಿಗೆ ವಿಮಾನ ಸಂಚಾರ ಮೊದಲಾಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ತಮ್ಮ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲನ್ನು ಕರಾಚಿಯಿಂದ ಮುಂಬಯಿಗೆ ತಂದರು. ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಪರದೇಶದ ಕಾಗದ ಬಳ್ಳಾರಿಗೆ ಬರಬಹುದಾದರೆ ಪರದೇಶದ ಸೊಳ್ಳೆಯೂ ಬರಬಹುದಷ್ಟೆ?

1933ರಲ್ಲಿ ಹೇಗ್ ಪಟ್ಟಣದಲ್ಲಿ ರಾಷ್ಟ್ರಗಳು ವಿಮಾನ ಸಂಚಾರಕ್ಕೆಂದೇ ಒಂದು ಆರೋಗ್ಯ ಒಪ್ಪಂದವನ್ನು ಮಾಡಿಕೊಂಡವು. ಆದರೆ ಹೊಡೆಯುವುದು ಯಾವುದನ್ನು? ಅಮೆರಿಕದ ಗುಡ್‌ಹ್ಯೂ ಮತ್ತು ಸಲಿವನ್ ಎಂಬಿಬ್ಬರು ಎರಡನೆಯ ಮಹಾಯುದ್ಧದ ವೇಳೆಗೆ ಕೈಯಲ್ಲಿ ಹಿಡಿಯುವ ಡಬ್ಬಿಯೊಂದನ್ನು ಸಿದ್ಧಗೊಳಿಸಿದರು. ಗುಂಡಿ ತಿರುವಿದರೆ ಮಂಜಿನಂಥ ಔಷಧಿ ಹೊರಡುತ್ತದೆ. ಅದರಲ್ಲಿದ್ದುದೇನು ಬಲ್ಲಿರಾ? ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಸಾರ, ಫ್ರಿಯಾನ್ ಅನಿಲ, ಜೊತೆಗೆ ಎಳ್ಳೆಣ್ಣೆ! ಹೂವಿನ ವಿಷಕ್ಕೆ ಎಳ್ಳೆಣ್ಣೆ ಬೆರೆತರೆ ಕಸುವು ಹೆಚ್ಚುತ್ತದೆ. ದೀಪಾವಳಿಯಲ್ಲಿ ತಲೆಗೆ ಹಚ್ಚಿಕೊಳ್ಳುವ ಎಣ್ಣೆಗೆ ಈ ಗುಣವೂ ಉಂಟೆಂದು ನಮ್ಮ ಅಜ್ಜಿಯರಿಗೆ ಯಾರು ಹೇಳಬೇಕು!

ಸ್ವತಂತ್ರ ಭಾರತ 1954ರಲ್ಲಿ ವಿಮಾನಗಳ ಸಾರ್ವಜನಿಕ ಆರೋಗ್ಯ ನಿಯಮಗಳನ್ನು ರೂಪಿಸಿತು. ಈ ಬಗೆಯ ಕಾನೂನಿನಲ್ಲಿ ನೂರು ಮಂದಿಯನ್ನು ಹೊತ್ತ ಕಂಪನಿಯ ವಿಮಾನಕ್ಕೂ ಧನಿಕನೊಬ್ಬ ತಾನೇ ನಡೆಸಿಕೊಂಡು ಬರುವ ನಾಲ್ಕು ಆಸನದ ವಿಮಾನಕ್ಕೂ ಭೇದವಿಲ್ಲ, ಇರಲೂಬಾರದು. ಯಾಕೆಂದರೆ ಸೊಳ್ಳೆ ಟಿಕೇಟು ಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ನೂರು ಘನ ಮೀಟರ್ ಜಾಗಕ್ಕೆ 35 ಗ್ರಾಂ. ಒಳಗೆ ನಾಲ್ಕು ಘನ ಮೀಟರ್ ಜಾಗವಿರುವ ಖಾಸಗಿ ವಿಮಾನಕ್ಕೆ ಒಂದೂವರೆ ಗ್ರಾಮೂ ಬೇಕಾಗದು! ಬಾಗಿಲು ಮುಚ್ಚಿದ ಮೇಲೆ, ನೆಲ ಬಿಡುವ ಮೊದಲು ಸಿಂಪಡಿಸಿ, ಬರಿದಾದ ಡಬ್ಬಿಗಳನ್ನು ಇಳಿದಾಗ ಅಧಿಕಾರಿಗೆ ತೋರಿಸುವುದು ಒಂದು ಪದ್ಧತಿ.

ಡಿ.ಡಿ.ಟಿ.ಯ ಕಥೆ ಹಾಗೆಯೇ ಮುಂದುವರಿಯಲಿಲ್ಲ. ಸೊಳ್ಳೆಗಳು ಅದಕ್ಕೆ ಒಗ್ಗಿಕೊಂಡವು, ಆಲಸ್ಯವೂ ಸೇರಿತು, 1976ರಲ್ಲಿ ದೇಶದಲ್ಲಿ 64 ಲಕ್ಷ ಮಂದಿಗೆ ಮಲೇರಿಯಾ ತಗಲಿತು. ಡಬ್ಬಿಯೊಳಗಿನ ಹಳೆಯ ಫ್ರಿಯಾನನ್ನು ಓಝೋನ್ ಪದರದ ರಕ್ಷಣೆಗಾಗಿ ಕೈಬಿಡಬೇಕಾಯಿತು. ಪೀತಜ್ವರ ಮಾತ್ರ ಇಂದಿಗೂ ಭಾರತದೊಳಗೆ ಬೇರೂರಿಲ್ಲ. ಆ ರೋಗವಿರುವ ದೇಶದಿಂದ ಚುಚ್ಚುಮದ್ದಿನ ಪತ್ರವಿಲ್ಲದೆ ಬಂದವರನ್ನು ಆರು ದಿನ ಪ್ರತ್ಯೇಕವಾಗಿ ಇರಿಸುವ ಕಟ್ಟಳೆ ಈಗಲೂ ಇದೆ.

ನಾಳೆ ಪರದೇಶದಿಂದ ಯಾರಾದರೂ ಸ್ವಂತ ವಿಮಾನದಲ್ಲಿ ಸವಣೂರಿನ ಖಾರಾ ತಿನ್ನಲು ಹೊರಟರೆನ್ನಿ. ಮೊದಲು ಸುಂಕದ ಕಟ್ಟೆಯಿರುವ ನಿಲ್ದಾಣವೊಂದರಲ್ಲಿ ಇಳಿಯಲೇಬೇಕು. ಅಲ್ಲಿ ಕೊಡುವ ಘೋಷಣಾ ಪತ್ರದಲ್ಲಿ ಔಷಧಿಯನ್ನು ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಹೇಗೆ ಸಿಂಪಡಿಸಲಾಯಿತು ಎಂದು ಬರೆಯಲು ಒಂದು ಅಂಕಣವೇ ಉಂಟು.