ರಕ್ತದ ಸಕ್ಕರೆಯ ಅಳತೆ ಮನೆಗೆ ಬಂದ ಬಗೆ

ಮಧುಮೇಹವೆಂಬ ವ್ಯಾಧಿಯ ಹೆಸರಿನಲ್ಲಿಯೇ ಅದರ ಪರೀಕ್ಷೆಯೂ ಅಡಗಿದೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಭಾರತದ ಪ್ರಾಚೀನ ವೈದ್ಯರು ಕಂಡಿದ್ದರು. ಆ ಮಾಧುರ್ಯವು ಸಕ್ಕರೆಯದೆಂದೂ, ರಕ್ತದಲ್ಲಿಯೂ ಅದು ಇರುವುದೆಂದೂ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯರು 1776ರಲ್ಲಿ ಪ್ರಕಟಿಸಿದರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ ಎಂಬ ರಸಾಯನಜ್ಞರು ತಾಮ್ರದ ಉಪ್ಪಿನ ನೀಲಿ ದ್ರವವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಕೆಲವು ತೊಟ್ಟು ಮೂತ್ರವನ್ನು ಬೆರಸಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ನೀಲಿಯು ಹಸುರು, ಹಳದಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು. ಗಾಜಿನ ಕೊಳವೆ, ಸ್ಪಿರಿಟ್ ದೀಪಗಳಿದ್ದರೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯಿದು. ಆದರೆ ರಕ್ತದ ಸಕ್ಕರೆಯು ಸುಮಾರು 180 ಮಿಲಿಗ್ರಾಂ ಮೀರಿದ ಮೇಲೆಯೇ ಅದು ಮೂತ್ರದಲ್ಲಿ ಇಳಿಯುವುದು. ಕೋಡಿ ಹರಿದಾಗ ಕೆರೆ ತುಂಬಿತೆಂದು ತಿಳಿಯಬಹುದು. ಬತ್ತುವ ಕೆರೆಯಲ್ಲಿ ನೀರೆಷ್ಟು ಉಳಿದಿದೆಯೆಂಬುದನ್ನು ಕೋಡಿಯು ಹೇಳಲಾರದು. 1921ರಲ್ಲಿ ಟೊರಾಂಟೋ ನಗರದಲ್ಲಿ ಇನ್ಸುಲಿನ್ ದೊರೆತ ಮೇಲೆ ಈ ಕೊರತೆಯು ಪ್ರಾಣಭಯವೇ ಆಯಿತು. ಔಷಧಿಯು ಹೆಚ್ಚಾಗಿ ಸಕ್ಕರೆಯು ತೀರ ಕುಗ್ಗಿದರೆ ರೋಗಿಯು ಮೂರ್ಛೆಹೋಗುವನು. ಕೊಳವೆಯಾದರೋ ನೀಲಿಯಾಗಿಯೇ ಉಳಿಯುವುದು.

1960ರ ದಶಕದಲ್ಲಿ ಅಮೆರಿಕದ ಏಮ್ಸ್ ಸಂಸ್ಥೆಯು ಕಿಣ್ವವನ್ನು ಲೇಪಿಸಿದ ಪಟ್ಟಿಯನ್ನು ಹೊರತಂದಿತು. ರಕ್ತದ ತೊಟ್ಟನ್ನಿಟ್ಟು, ಒಂದು ನಿಮಿಷ ಕಾದು, ನೀರಿನಿಂದ ತೊಳೆದು ಬಣ್ಣವನ್ನು ಹೋಲಿಸಿ ನೋಡಬೇಕಾಗಿದ್ದಿತು. ಆ ಬಣ್ಣವನ್ನು ಅಂಕೆಗೆ ತಿರುಗಿಸುವ, ಸುಮಾರು 3 ಪೌಂಡು ತೂಕದ ಯಂತ್ರವು 1970ರ ಸುಮಾರಿಗೆ ಬಂದಿತು. ಇದು ವೈದ್ಯರಿಗಾಗಿ ಮಾಡಿದುದು. ರೋಗಿಗೆ ಮಾರುವ ಪದ್ಧತಿಯಿರಲಿಲ್ಲ. ಬಾಲ್ಯದಿಂದ ಮಧುಮೇಹಿಯಾಗಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್ ಅವರು ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಅಳೆದು, ಆಹಾರವನ್ನೂ ಇನ್ಸುಲಿನ್ನನ್ನೂ ಅದಕ್ಕೆ ಹೊಂದಿಸಿ ಚೇತರಿಸಿಕೊಂಡರು. ಅವರು ಬರೆದುದನ್ನು ವೈದ್ಯಪತ್ರಿಕೆಗಳು ಸ್ವೀಕರಿಸಲಿಲ್ಲ. ಎಂಜಿನಿಯರನ ಮಾತನ್ನು ವೈದ್ಯರು ಕೇಳರೆಂದು ಕಂಡು, ನಾಲ್ವತ್ತು ವರ್ಷ ಮೀರಿದ ಮೇಲೆ ವೈದ್ಯಶಾಲೆಗೆ ಸೇರಿ ತಾವೇ ವೈದ್ಯರಾದರು! ಹಠವೆಂದರೆ ಇದು.

1978ರಲ್ಲಿ ಬ್ರಿಟನ್ನಿನ ವೈದ್ಯರೂ ಮನೆಯ ಅಳತೆಯು ಸಾಧ್ಯವೆಂದು ಬರೆದರು. 1,441 ರೋಗಿಗಳ ಮೇಲೆ ನಡೆದ ಪರಿಶೋಧನೆಯೊಂದು 1993ರಲ್ಲಿ ಪ್ರಕಟವಾಯಿತು. ಪದೇ ಪದೇ ಅಳೆದು ಸಕ್ಕರೆಯನ್ನು ಬಿಗಿಯಾಗಿ ಕಾಯ್ದವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ಹಾನಿಯು ಬಹಳ ತಗ್ಗಿದ್ದುದು ಅದರಿಂದ ಸ್ಥಿರಪಟ್ಟಿತು.

ಈಗ ಅಂಗಡಿಗೆ ಹೋಗುವವರ ಕಣ್ಣು ಸಾಮಾನ್ಯವಾಗಿ ಯಂತ್ರದ ಮೇಲಿರುತ್ತದೆ. ಯಂತ್ರವನ್ನು ಕೊಳ್ಳುವುದು ಒಮ್ಮೆ. ಪಟ್ಟಿಯನ್ನು ಕೊಳ್ಳುತ್ತಲೇ ಇರಬೇಕು. ಒಂದರ ಪಟ್ಟಿಯು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದದಾದುದರಿಂದ, ಪಟ್ಟಿಯ ಬೆಲೆಯನ್ನೂ ಅದು ಊರಿನಲ್ಲಿ ಸದಾ ದೊರೆಯುವುದೇ ಎಂಬುದನ್ನೂ ಮೊದಲು ವಿಚಾರಿಸುವುದು ಯುಕ್ತ. 2013ರ ಅಂತರರಾಷ್ಟ್ರೀಯ ಪ್ರಮಾಣವು ಸಹ, 100 ಮಿಲಿಗ್ರಾಂ ಮೀರಿದ ಅಳತೆಗಳಲ್ಲಿ ಶೇಕಡಾ 15ರ ಅಂತರವನ್ನು ಒಪ್ಪುತ್ತದೆ. ಆದುದರಿಂದ 140ಕ್ಕೂ 150ಕ್ಕೂ ಇರುವ ಭೇದಕ್ಕೆ ಮನೆಮಂದಿಯೆಲ್ಲ ಗಾಬರಿಗೊಳ್ಳಬೇಕಾದುದಿಲ್ಲ. ಇನ್ಸುಲಿನ್ ಪಡೆಯುವವರಿಗೆ ದಿನವೂ ಪಟ್ಟಿಗಳು ಬೇಕು. ಪಥ್ಯದಿಂದಲೇ ಗುಣ ಕಾಣುತ್ತಿರುವವರಿಗೆ ಅಷ್ಟು ಬೇಡ. ಎಷ್ಟೆಂಬುದನ್ನು ವೈದ್ಯರು ಹೇಳಬೇಕು.

ಕಿಣ್ವವು ತೇವವನ್ನೂ ಬಿಸಿಲನ್ನೂ ಸಹಿಸದು. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯ ಪಟ್ಟಿಗಳು, ಅವಧಿ ಮುಗಿಯುವ ಮೊದಲೇ ಕೆಡಬಹುದು. ಕೈಯ ವಿಷಯವೂ ಅಷ್ಟೆ. ಮಾವಿನ ಹಣ್ಣು ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೆ, ಯಂತ್ರವು ರಕ್ತದ ಸಕ್ಕರೆಯೊಡನೆ ಮಾವಿನ ಸಕ್ಕರೆಯನ್ನೂ ಕೂಡಿಸಿ ಲೆಕ್ಕ ಹೇಳುವುದು.